ಫಾರ್ಮ್ಯಾಟ್ ಮಾಡಿಸುವ ಮೊದಲು

ಹಾಲ್‌ನ ಒಂದು ಮೂಲೆಯಲ್ಲಿ, ಧೂಳಾಗದಿರಲಿ ಎಂದು ಬಟ್ಟೆ ಹೊದಿಸಿಟ್ಟ ಹಳೆಯ ಕಂಪ್ಯೂಟರ್ ಎಷ್ಟೋ ಮನೆಗಳಲ್ಲಿ ಇಂದಿಗೂ ಇದೆ. ಮಕ್ಕಳು ಓದುವಾಗ ತಂದದ್ದು. ಆನ್ ಮಾಡಿದರೆ ನೀಲಿ ಆಕಾಶದ ಕೆಳಗೊಂದು ಹಸಿರು ಗುಡ್ಡ ತೆರೆದುಕೊಳ್ಳುತ್ತದೆ. ಅದು ವಿಂಡೋಸ್ ಎಕ್ಸ್‌ಪಿ. 2001ರ ಅಕ್ಟೋಬರ್ 25ರಂದು ಮೈಕ್ರೋಸಾಫ್ಟ್ ಅದನ್ನು ಮಾರುಕಟ್ಟೆಗೆ ತಂದಿತು. 2014ರ ಏಪ್ರಿಲ್ 8ಕ್ಕೆ ಅದರ ಆರೈಕೆ ನಿಲ್ಲಿಸಿತು. ಆದರೂ ಆ ಯಂತ್ರವನ್ನು ಗುಜರಿಗೆ ಹಾಕಲು ಮನಸ್ಸು ಬರುವುದಿಲ್ಲ. ಮಗಳ ಮದುವೆಯ ಫೋಟೊ ಅದರಲ್ಲಿದೆ. ಅಪ್ಪ ಟೈಪ್ ಮಾಡಿಟ್ಟ ಜಮೀನಿನ ಲೆಕ್ಕ, ಅಮ್ಮ ಬರೆಸಿದ ಹಾಡುಗಳು ಅದರಲ್ಲಿವೆ.

ಇಂಥ ಕಂಪ್ಯೂಟರ್ ಒಂದು ದಿನ ಕೈಕೊಟ್ಟರೆ ಸುತ್ತಲಿನವರೆಲ್ಲ ಹೇಳುವುದು ಒಂದೇ ಮಾತು: "ಫಾರ್ಮ್ಯಾಟ್ ಹೊಡೆಸಿಬಿಡಿ, ಸರಿಹೋಗುತ್ತೆ." ಸರಿಹೋಗುವುದೇನೋ ನಿಜ. ಆದರೆ ಡಿಸ್ಕ್ ಪೂರ್ತಿ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿದರೆ ಯಂತ್ರ ಉಳಿಯುತ್ತದೆ, ಒಳಗಿದ್ದದ್ದು ಹೋಗುತ್ತದೆ. ಹದಿನೈದು ವರ್ಷಗಳಿಂದ ನೆಂಟರಿಷ್ಟರ ಮನೆಯ ಕಂಪ್ಯೂಟರ್‌ಗಳನ್ನು ಬಿಚ್ಚಿ ಜೋಡಿಸಿದ ಅನುಭವದಿಂದ ಹೇಳುತ್ತೇನೆ, ಹತ್ತರಲ್ಲಿ ಏಳೆಂಟು ತೊಂದರೆಗಳಿಗೆ ಫಾರ್ಮ್ಯಾಟ್ ಬೇಕಾಗಿಯೇ ಇರಲಿಲ್ಲ. ತೊಂದರೆ ಎಲ್ಲಿದೆ ಎಂದು ನೋಡುವ ತಾಳ್ಮೆ ಬೇಕಾಗಿತ್ತು, ಅಷ್ಟೆ. ಹೇಗೆ ನೋಡಬೇಕು ಎನ್ನುವುದೇ ಇವತ್ತಿನ ಮಾತು.

ಮೊದಲು ಒಂದು ಕಾಗದ, ಒಂದು ಪೆನ್ನು ಹತ್ತಿರ ಇಟ್ಟುಕೊಳ್ಳಿ. ತೊಂದರೆ ಯಾವಾಗಿನಿಂದ ಶುರುವಾಯಿತು, ಅದಕ್ಕೆ ಮುಂಚೆ ಏನಾದರೂ ಹೊಸದು ಹಾಕಿದ್ದೆವೇ, ಪರದೆಯ ಮೇಲೆ ಏನು ಬರೆದು ಬಂತು — ಈ ಮೂರನ್ನು ಬರೆದುಕೊಳ್ಳಿ. ಪರದೆಯ ಮೇಲಿನ ಇಂಗ್ಲಿಷ್ ಸಾಲು ಅರ್ಥವಾಗದಿದ್ದರೂ ಅಕ್ಷರ ಅಕ್ಷರ ನೋಡಿ ಬರೆಯಿರಿ. "ಏನೋ ಎರರ್ ಬಂತು" ಎಂದರೆ ಯಾರೂ ಸಹಾಯ ಮಾಡಲಾರರು. ಆಮೇಲೆ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಒಟ್ಟಿಗೆ ನಾಲ್ಕು ಕಡೆ ಕೈ ಹಾಕಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂಬುದೇ ತಿಳಿಯುವುದಿಲ್ಲ.

ಮೊದಲ ತೊಂದರೆ: ಸ್ವಿಚ್ ಹಾಕಿದರೆ ಫ್ಯಾನ್ ತಿರುಗುತ್ತದೆ, ಪರದೆ ಮಾತ್ರ ಕಪ್ಪಗೇ ಇರುತ್ತದೆ, ಒಳಗಿನಿಂದ ಬೀಪ್ ಬೀಪ್ ಎಂಬ ಸದ್ದು. ಇದಕ್ಕೂ ವಿಂಡೋಸ್‌ಗೂ ಸಂಬಂಧವಿಲ್ಲ, ವಿಂಡೋಸ್ ಇನ್ನೂ ಎದ್ದೇ ಇಲ್ಲ. ಮಾನಿಟರ್ ಕೇಬಲ್ ಸಡಿಲವಾಗಿದೆಯೇ ನೋಡಿ. ಅದು ಸರಿಯಿದ್ದು ಬೀಪ್ ಬರುತ್ತಲೇ ಇದ್ದರೆ ಅನುಮಾನ ರ‍್ಯಾಮ್ ಮೇಲೆ. ನಾವು ಸಿಪಿಯು ಎಂದು ಕರೆಯುವ ಡಬ್ಬದ ವೈರನ್ನು ಗೋಡೆಯಿಂದಲೇ ಕಿತ್ತು, ಪಕ್ಕದ ತಗಡು ತೆಗೆಯಿರಿ. ಡಬ್ಬದ ಲೋಹವನ್ನು ಒಮ್ಮೆ ಮುಟ್ಟಿ, ಮೈಯಲ್ಲಿರುವ ಸ್ಥಿರವಿದ್ಯುತ್ ಅದಕ್ಕೆ ಇಳಿದುಹೋಗಲಿ. ಅರ್ಧ ಅಡಿಗಿಂತ ಚಿಕ್ಕದಾದ ಹಸಿರು ಪಟ್ಟಿಯೇ ರ‍್ಯಾಮ್. ಎರಡು ತುದಿಯ ಬಿಳಿ ಕ್ಲಿಪ್‌ಗಳನ್ನು ಹೊರಕ್ಕೆ ಒತ್ತಿದರೆ ಅದು ಮೇಲೇಳುತ್ತದೆ. ಅದರ ಅಂಚಿನ ಹೊಂಬಣ್ಣದ ಹಲ್ಲುಗಳ ಮೇಲೆ ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ರಬ್ಬರಿನ ಪುಡಿಯನ್ನು ಒಣ ಬಟ್ಟೆಯಿಂದ ಒರೆಸಿ, ಮತ್ತೆ ಕ್ಲಿಪ್ ಟಕ್ ಎನ್ನುವವರೆಗೆ ಕೂರಿಸಿ. ಮಳೆಗಾಲದ ತೇವಕ್ಕೆ ಆ ಹಲ್ಲುಗಳ ಮೇಲೆ ಕಿಲುಬು ಕೂತಿರುತ್ತದೆ. ಮಲೆನಾಡು, ಕರಾವಳಿಯವರಿಗೆ ಇದು ವರ್ಷ ವರ್ಷ ಬರುವ ತೊಂದರೆ. ಡಬ್ಬ ತೆರೆದಾಗಲೇ ಪ್ರೊಸೆಸರ್ ಮೇಲಿನ ಫ್ಯಾನ್ ನೋಡಿ. ಆನ್ ಮಾಡಿದ ಹತ್ತು ನಿಮಿಷಕ್ಕೆ ಯಂತ್ರ ತಾನಾಗಿ ಆಫ್ ಆಗುತ್ತಿದ್ದರೆ, ಅಲ್ಲಿ ಕಂಬಳಿಯಂತೆ ಮೆತ್ತಿಕೊಂಡ ಧೂಳು ಬಿಸಿಯನ್ನು ಹೊರಗೆ ಬಿಡದಿರುವುದೇ ಸಾಮಾನ್ಯವಾಗಿ ಕಾರಣ.

ಎರಡನೆಯದು ಬಹಳ ಮಂದಿಯನ್ನು ದಾರಿ ತಪ್ಪಿಸುವ ತೊಂದರೆ. ಪ್ರತಿಸಲ ಆನ್ ಮಾಡಿದಾಗಲೂ ತಾರೀಖು ಎಷ್ಟೋ ವರ್ಷ ಹಿಂದಿನ ಜನವರಿ 1ಕ್ಕೆ ಹೋಗಿರುತ್ತದೆ. ಎಫ್ 1 ಒತ್ತಿ ಎಂದು ಕೇಳುತ್ತದೆ. ವೆಬ್‌ಸೈಟ್ ತೆರೆದರೆ "ಪ್ರಮಾಣಪತ್ರ ಸರಿಯಿಲ್ಲ" ಎಂಬ ಎಚ್ಚರಿಕೆ ಬರುತ್ತದೆ. ವೈರಸ್ ಬಂದಿದೆ ಎಂದು ಜನ ಹೆದರುತ್ತಾರೆ. ವಿಷಯ ಇಷ್ಟೇ: ವೆಬ್‌ಸೈಟಿನ ಪ್ರಮಾಣಪತ್ರಕ್ಕೆ ಇಂತಿಂಥ ದಿನದಿಂದ ಇಂತಿಂಥ ದಿನದವರೆಗೆ ಎಂಬ ಅವಧಿಯಿರುತ್ತದೆ. ನಿಮ್ಮ ಯಂತ್ರ ತಾನಿನ್ನೂ ಹಳೆಯ ಕಾಲದಲ್ಲಿದ್ದೇನೆ ಎಂದುಕೊಂಡಿರುವುದರಿಂದ ಆ ಪತ್ರ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟಿಲ್ಲ. ಕಾರಣ, ಮದರ್‌ಬೋರ್ಡ್ ಮೇಲಿರುವ ಒಂದು ಬಿಲ್ಲೆ ಬ್ಯಾಟರಿ. ಕರೆಂಟ್ ಇಲ್ಲದಾಗಲೂ ಗಡಿಯಾರವನ್ನು ನಡೆಸುವುದು ಅದೇ. ಅದರ ಮೇಲೆ ಸಿಆರ್ 2032 ಎಂದು ಬರೆದಿರುತ್ತದೆ. 20 ಎಂದರೆ ಅಗಲ 20 ಮಿಲಿಮೀಟರ್, 32 ಎಂದರೆ ದಪ್ಪ 3.2 ಮಿಲಿಮೀಟರ್. ಮೂರು ವೋಲ್ಟಿನದು. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಪಕ್ಕದ ಚಿಕ್ಕ ಕೊಕ್ಕೆಯನ್ನು ಉಗುರಿನಿಂದ ಸರಿಸಿದರೆ ಹಳೆಯದು ಪುಟಿದು ಬರುತ್ತದೆ. ಪ್ಲಸ್ ಗುರುತು ಮೇಲಕ್ಕಿರುವಂತೆ ಹೊಸದನ್ನು ಒತ್ತಿ, ತಾರೀಖು ಸರಿಮಾಡಿ. ಇಷ್ಟಕ್ಕೆ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸಿದವರನ್ನು ನಾನು ನೋಡಿದ್ದೇನೆ. ಫಾರ್ಮ್ಯಾಟ್ ಆದ ಮೇಲೂ ತಾರೀಖು ಜನವರಿ 1ರಲ್ಲೇ ಇತ್ತು.

ಇನ್ನು ವಿಂಡೋಸ್ ಏಳುವ ಹಂತಕ್ಕೆ ಬರೋಣ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ "ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್" ಎಂದು ಬಂದರೆ, ಎಕ್ಸ್‌ಪಿಯನ್ನು ಎಬ್ಬಿಸುವ ಮೊದಲ ಕಡತ ಸಿಗುತ್ತಿಲ್ಲ ಎಂದು ಅರ್ಥ. ಗಾಬರಿಯಾಗುವ ಮೊದಲು ಡ್ರೈವ್‌ನಲ್ಲಿ ಫ್ಲಾಪಿಯೋ ಪೆನ್ ಡ್ರೈವೋ ಉಳಿದಿದೆಯೇ ನೋಡಿ. ಯಂತ್ರ ಅದರಲ್ಲೇ ವಿಂಡೋಸ್ ಹುಡುಕುತ್ತಿರಬಹುದು. ಅದನ್ನು ತೆಗೆದು ಮತ್ತೆ ಆನ್ ಮಾಡಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯಿತು.

ವಿಂಡೋಸ್ ಚಿಹ್ನೆಯವರೆಗೆ ಬಂದು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತಿದ್ದರೆ, ಚಿಹ್ನೆ ಬರುವ ಮೊದಲೇ ಎಫ್ 8 ಕೀಲಿಯನ್ನು ಬಿಟ್ಟು ಬಿಟ್ಟು ಒತ್ತುತ್ತಿರಿ. ಒಂದು ಪಟ್ಟಿ ಬರುತ್ತದೆ. ಅದರಲ್ಲಿ "ಲಾಸ್ಟ್ ನೋನ್ ಗುಡ್ ಕಾನ್ಫಿಗರೇಷನ್" ಎಂಬ ಸಾಲು ಇರುತ್ತದೆ. ಕೊನೆಯ ಸಲ ಸರಿಯಾಗಿ ಲಾಗಿನ್ ಆದಾಗ ಡ್ರೈವರ್‌ಗಳ ಜೋಡಣೆ ಹೇಗಿತ್ತೋ ಅದಕ್ಕೇ ಹಿಂತಿರುಗುವ ದಾರಿ ಅದು. ಹೊಸ ಪ್ರಿಂಟರ್, ಹೊಸ ಕಾರ್ಡ್ ಹಾಕಿದ ಮೇಲೆ ಕೆಟ್ಟಿದ್ದರೆ ಇದು ಬಹಳ ಉಪಯೋಗ. ಆದರೆ ಕೆಟ್ಟ ಮೇಲೆ ಹೇಗೋ ಒಮ್ಮೆ ಪೂರ್ತಿ ಲಾಗಿನ್ ಆಗಿಬಿಟ್ಟರೆ ಆ ಕೆಟ್ಟ ಜೋಡಣೆಯೇ "ಒಳ್ಳೆಯದು" ಎಂದು ದಾಖಲಾಗಿಬಿಡುತ್ತದೆ. ಅದಕ್ಕೇ ಇದನ್ನು ಮೊದಲು ಮಾಡಿ ನೋಡಬೇಕು. ಆಗಲಿಲ್ಲವೋ, ಅದೇ ಪಟ್ಟಿಯ ಸೇಫ್ ಮೋಡ್ ಆರಿಸಿ. ಅನಿವಾರ್ಯವಾದ ಭಾಗಗಳನ್ನು ಮಾತ್ರ ಹೊತ್ತುಕೊಂಡು ವಿಂಡೋಸ್ ಏಳುತ್ತದೆ. ಅಲ್ಲಿಂದ ಇತ್ತೀಚೆಗೆ ಹಾಕಿದ್ದನ್ನು ತೆಗೆಯಬಹುದು. ಇಲ್ಲವೇ ಸಿಸ್ಟಮ್ ರಿಸ್ಟೋರ್ ಮೂಲಕ, ಸರಿಯಿದ್ದ ಒಂದು ದಿನಕ್ಕೆ ಯಂತ್ರವನ್ನು ಹಿಂತಿರುಗಿಸಬಹುದು. ಮೈ ಡಾಕ್ಯುಮೆಂಟ್ಸ್‌ನಲ್ಲಿರುವ ನಿಮ್ಮ ಪತ್ರ, ಫೋಟೊಗಳನ್ನು ಅದು ಮುಟ್ಟುವುದಿಲ್ಲ. ಫಾರ್ಮ್ಯಾಟ್‌ಗೂ ಅದಕ್ಕೂ ಇರುವ ದೊಡ್ಡ ವ್ಯತ್ಯಾಸವೇ ಇದು.

"ಮೊದಲು ಚೆನ್ನಾಗಿತ್ತು, ಈಗ ಆಮೆಯಾಗಿದೆ" ಎನ್ನುವುದು ಇನ್ನೊಂದು ದೂರು. ಎಕ್ಸ್‌ಪಿ ಬಂದಾಗ 128 ಎಂಬಿ ರ‍್ಯಾಮ್ ಸಾಕು ಎಂದು ತಯಾರಕರೇ ಹೇಳಿದ್ದರು. ಅದೇ ಯಂತ್ರದ ಮೇಲೆ ಆಮೇಲಿನ ಆಂಟಿವೈರಸ್, ಆಮೇಲಿನ ಬ್ರೌಸರ್ ಹೇರಿದರೆ ಅದು ಏದುಸಿರು ಬಿಡದೆ ಇನ್ನೇನು ಮಾಡೀತು? ಸಿ ಡ್ರೈವ್ ತುಂಬಿದೆಯೇ ನೋಡಿ. ಚೂರುಚೂರಾಗಿ ಹರಡಿದ ಕಡತಗಳನ್ನು ಒಟ್ಟುಗೂಡಿಸುವ ಎಕ್ಸ್‌ಪಿಯ ಡಿಸ್ಕ್ ಡಿಫ್ರಾಗ್ಮೆಂಟರ್ ಚೆನ್ನಾಗಿ ಕೆಲಸ ಮಾಡಬೇಕಾದರೆ ಶೇಕಡ 15ರಷ್ಟಾದರೂ ಜಾಗ ಖಾಲಿಯಿರಬೇಕು. ಸ್ಟಾರ್ಟ್, ರನ್‌ಗೆ ಹೋಗಿ "ಎಂಎಸ್‌ಕಾನ್ಫಿಗ್" ಎಂದು ಹಾಕಿದರೆ, ಕರೆಯದೆ ತಾವಾಗಿ ಎದ್ದು ಕೂರುವ ಪ್ರೋಗ್ರಾಂಗಳ ಪಟ್ಟಿ ಸಿಗುತ್ತದೆ. ಬೇಡದವುಗಳ ಟಿಕ್ ತೆಗೆಯಿರಿ.

ಆದರೆ ನಿಧಾನದ ಜೊತೆಗೆ ಡಬ್ಬದೊಳಗೆ ಟಿಕ್ ಟಿಕ್ ಎಂದು ಬಡಿಯುವ ಸದ್ದು ಕೇಳಿಸಿದರೆ ದಯವಿಟ್ಟು ಎಲ್ಲವನ್ನೂ ನಿಲ್ಲಿಸಿ. ಅದು ಹಾರ್ಡ್ ಡಿಸ್ಕ್ ಸಾಯುವ ಸದ್ದು. ಆಗ ಡಿಫ್ರಾಗ್ ಬೇಡ, ಚೆಕ್ ಡಿಸ್ಕ್ ಬೇಡ. ಉಳಿದ ಉಸಿರಿನಲ್ಲಿ ಬೇಕಾದ ಕಡತಗಳನ್ನು ಬೇರೆ ಕಡೆಗೆ ನಕಲು ಮಾಡಿಕೊಳ್ಳಿ. ಮಿಕ್ಕಿದ್ದೆಲ್ಲ ಆಮೇಲೆ.

ಪೆನ್ ಡ್ರೈವ್ ವೈರಸ್ಸಿನ ಬಗ್ಗೆ ಎರಡು ಮಾತು. ಎಕ್ಸ್‌ಪಿ ಕಾಲದಲ್ಲಿ ಪೆನ್ ಡ್ರೈವ್ ಚುಚ್ಚಿದರೆ ಅದರೊಳಗಿನ ಪ್ರೋಗ್ರಾಂ ತಾನಾಗಿ ಓಡಲು ದಾರಿಯಿತ್ತು. 2008ರ ಕೊನೆಗೆ ಕಾಣಿಸಿಕೊಂಡ ಕಾನ್‌ಫಿಕರ್ ಹುಳು ಹಬ್ಬಿದ ದಾರಿಗಳಲ್ಲಿ ಇದೂ ಒಂದು. 2011ರಲ್ಲಿ ಮೈಕ್ರೋಸಾಫ್ಟ್ ಈ ದಾರಿ ಮುಚ್ಚುವ ತಿದ್ದುಪಡಿ ಕಳಿಸಿತು. ಅಪ್‌ಡೇಟ್ ಆಗದ ಯಂತ್ರಗಳಲ್ಲಿ ದಾರಿ ಇನ್ನೂ ತೆರೆದೇ ಇದೆ. ಆದ್ದರಿಂದ ಪೆನ್ ಡ್ರೈವ್ ಹಾಕುವಾಗ ಶಿಫ್ಟ್ ಕೀಲಿಯನ್ನು ಒತ್ತಿಹಿಡಿಯಿರಿ. ಒಂದು ದಿನ ಪೆನ್ ಡ್ರೈವ್ ತೆರೆದರೆ ಫೋಲ್ಡರ್‌ಗಳೆಲ್ಲ ಮಾಯವಾಗಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳು ಕಂಡರೆ ಅವುಗಳ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ. ನಿಮ್ಮ ಕಡತಗಳು ಹೋಗಿಲ್ಲ, ವೈರಸ್ ಅವನ್ನು ಬಚ್ಚಿಟ್ಟಿದೆ, ಅಷ್ಟೆ. ಟೂಲ್ಸ್ ಮೆನುವಿನ ಫೋಲ್ಡರ್ ಆಪ್ಷನ್ಸ್‌ನಲ್ಲಿ ವ್ಯೂ ಪುಟ ತೆರೆದು, ಬಚ್ಚಿಟ್ಟ ಕಡತಗಳನ್ನು ತೋರಿಸು ಎಂಬುದನ್ನು ಆರಿಸಿ, ಆಪರೇಟಿಂಗ್ ಸಿಸ್ಟಮ್ಮಿನ ಕಡತಗಳನ್ನು ಮರೆಮಾಡು ಎಂಬುದರ ಟಿಕ್ ತೆಗೆದರೆ ಮಸುಕು ಬಣ್ಣದಲ್ಲಿ ಎಲ್ಲವೂ ಕಾಣಿಸುತ್ತವೆ.

ಈಗ ನಮಗೇ, ಕನ್ನಡಿಗರಿಗೇ ಬರುವ ಒಂದು ತೊಂದರೆ. ಕನ್ನಡದ ಪುಟ ತೆರೆದರೆ ಬರೀ ಚೌಕ ಚೌಕ ಕಾಣುತ್ತದೆ, ಅಥವಾ ಒತ್ತಕ್ಷರಗಳು ಬಿಡಿಬಿಡಿಯಾಗಿ ಬೀಳುತ್ತವೆ. ಯೂನಿಕೋಡ್ ಕನ್ನಡಕ್ಕೆಂದು ತುಂಗಾ ಎಂಬ, ನಮ್ಮ ನದಿಯ ಹೆಸರಿನ ಫಾಂಟ್ ಎಕ್ಸ್‌ಪಿಯ ಜೊತೆಗೇ ಬಂದಿತ್ತು. ಆದರೆ ಭಾರತೀಯ ಲಿಪಿಗಳ ಸೌಲಭ್ಯವನ್ನು ನಾವೇ ಹಾಕಿಕೊಳ್ಳಬೇಕಿತ್ತು. ಕಂಟ್ರೋಲ್ ಪ್ಯಾನೆಲ್‌ನ ರೀಜನಲ್ ಅಂಡ್ ಲ್ಯಾಂಗ್ವೇಜ್ ಆಪ್ಷನ್ಸ್‌ನಲ್ಲಿ, ಲ್ಯಾಂಗ್ವೇಜಸ್ ಪುಟದಲ್ಲಿ, ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಎಂಬುದಕ್ಕೆ ಟಿಕ್ ಹಾಕಿ, ಎಕ್ಸ್‌ಪಿಯ ಸಿಡಿ ಕೊಟ್ಟರೆ ಮುಗಿಯಿತು.

ಈ ತೊಂದರೆಯ ಇನ್ನೊಂದು ರೂಪವನ್ನು ನಾನು ಮರೆಯಲಾರೆ. ನಮ್ಮ ಪಕ್ಕದ ಬೀದಿಯ ಒಬ್ಬ ನಿವೃತ್ತ ಶಿಕ್ಷಕಿ ತಮ್ಮ ತಾಯಿ ಹಾಡುತ್ತಿದ್ದ ಸೋಬಾನೆ ಪದಗಳನ್ನು ಎರಡು ವರ್ಷ ಕೂತು ಟೈಪ್ ಮಾಡಿದ್ದರು. ಕಂಪ್ಯೂಟರ್ ಕೆಟ್ಟಿತು. ಅಂಗಡಿಯವರು ಕಡತಗಳನ್ನು ಸಿಡಿಗೆ ಹಾಕಿಕೊಟ್ಟರು, ಆದರೆ "ಎಲ್ಲ ಕರಪ್ಟ್ ಆಗಿದೆ, ಇಟ್ಟುಕೊಂಡು ಪ್ರಯೋಜನವಿಲ್ಲ" ಎಂದರು. ಆಕೆ ಆ ಸಿಡಿ ಹಿಡಿದು ನಮ್ಮ ಮನೆಗೆ ಬಂದರು. ತೆರೆದು ನೋಡಿದೆ. ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೀಟಿರುವ ಎ, ಪೌಂಡ್ ಹಣದ ಗುರುತು, ಮತ್ತೆ ಅದೇ ಎ. ಪುಟ ಪೂರ್ತಿ ಹೀಗೇ. ಆ ನಾಲ್ಕು ಗುರುತು ಕಂಡೊಡನೆ ನನಗೆ ಧೈರ್ಯ ಬಂತು. ಅದು "ಕನ" ಎಂಬ ಎರಡಕ್ಷರ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹಗಳಂಥ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಆ ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಲಸುಮೇಲೋಗರ. ನುಡಿ ಫಾಂಟ್ ಹಾಕಿ, ಪುಟವನ್ನೆಲ್ಲ ಆರಿಸಿ, ಫಾಂಟ್ ಹೆಸರು ಬದಲಿಸಿದೆ. ಒಂದೇ ಕ್ಷಣ. ಪರದೆ ತುಂಬ ಸೋಬಾನೆ ಪದಗಳು. ಆಕೆ ಮಾತಾಡಲಿಲ್ಲ, ಮೊದಲ ಪದವನ್ನು ಸಣ್ಣ ದನಿಯಲ್ಲಿ ಹೇಳಿಕೊಂಡರು.

ಕೊನೆಯದಾಗಿ ಇಂಟರ್ನೆಟ್. ಎಕ್ಸ್‌ಪಿಗೆ ಸಿಕ್ಕ ಇಂಟರ್ನೆಟ್ ಎಕ್ಸ್‌ಪ್ಲೋರರ್ 8ನೇ ಆವೃತ್ತಿಗೇ ನಿಂತಿತು. ಇವತ್ತಿನ ವೆಬ್‌ಸೈಟ್‌ಗಳ ಗೂಢಲಿಪಿ ಅದಕ್ಕೆ ಅರ್ಥವಾಗುವುದಿಲ್ಲ. ಪುಟ ತೆರೆಯದಿದ್ದರೆ ಅದು ನಿಮ್ಮ ತಪ್ಪಲ್ಲ, ರಿಪೇರಿಯಾಗುವಂಥದ್ದೂ ಅಲ್ಲ. 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನ್ನಾಕ್ರೈ ಹಬ್ಬಿದಾಗ, ಆರೈಕೆ ನಿಂತು ಮೂರು ವರ್ಷವಾಗಿದ್ದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತಿದ್ದುಪಡಿ ಕೊಟ್ಟಿತು. ಮುಂದೆಯೂ ಕೊಡುತ್ತಾರೆ ಎಂದು ನಂಬಿ ಕೂರುವುದು ಸರಿಯಲ್ಲ. ಈ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ಬೇಡವೇ ಬೇಡ. ನೆಟ್ ವೈರನ್ನು ಕಿತ್ತಿಡಿ. ಹಳೆಯ ಪತ್ರ ತೆರೆಯಲು, ಹಾಡು ಕೇಳಲು, ಟೈಪಿಂಗ್ ಕಲಿಯಲು ಅದು ಇನ್ನೂ ಚೆನ್ನಾಗಿ ದುಡಿಯುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ ಒಂದು ಕೆಲಸ ಮಾಡಿ. ಆ ಯಂತ್ರ ಇವತ್ತು ಸರಿಯಿದ್ದರೆ, ಇವತ್ತೇ ಅದರಲ್ಲಿರುವುದನ್ನು ಎರಡು ಕಡೆ ನಕಲು ಮಾಡಿಡಿ. ನಕಲನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ, ಕನ್ನಡದ ಕಡತಗಳಿದ್ದರೆ ಅವುಗಳ ಜೊತೆ ಆ ಫಾಂಟನ್ನೂ ಇಡಿ, ಸಾಧ್ಯವಾದರೆ ಯೂನಿಕೋಡ್‌ಗೆ ಪರಿವರ್ತಿಸಿ. ಆ ಶಿಕ್ಷಕಿ ಹಾಗೇ ಮಾಡಿದರು. ಅವರ ತಾಯಿಯ ಪದಗಳು ಈಗ ಮೊಮ್ಮಗಳ ಮೊಬೈಲಿನಲ್ಲೂ ಇವೆ. ಹಳೆಯ ಡಬ್ಬ ಆಮೇಲೆ ಒಂದೇ ವರ್ಷಕ್ಕೆ ಪೂರ್ತಿ ನಿಂತುಹೋಯಿತು. ಯಾರೂ ಏನನ್ನೂ ಕಳೆದುಕೊಳ್ಳಲಿಲ್ಲ.