ನರ್ಸಿಂಗ್ ಶಾಲೆಗೆ ಸೇರುವ ಮುನ್ನ

ಆಸ್ಪತ್ರೆಯಲ್ಲಿ ವೈದ್ಯರು ದಿನಕ್ಕೆ ಒಂದೆರಡು ಬಾರಿ ಬಂದು ರೋಗಿಯನ್ನು ನೋಡಿಹೋಗುತ್ತಾರೆ. ಉಳಿದ ಹೊತ್ತೆಲ್ಲ, ಹಗಲಾಗಲಿ ಇರುಳಾಗಲಿ, ರೋಗಿಯನ್ನು ಕಾಯುವವರು ದಾದಿಯರು. ನಾಡಿ ಕುಂದಿತೇ, ಉಸಿರು ಹೆಚ್ಚಿತೇ ಎಂಬುದನ್ನು ಮೊದಲು ಕಾಣುವ ಕಣ್ಣು ಅವರದು. ಇಷ್ಟು ಹೊಣೆಯ ಕೆಲಸವನ್ನು ಕಲಿಸುವ ಶಾಲೆ ಎಂಥದಾಗಿರಬೇಕು? ಮಗಳನ್ನೋ ಮಗನನ್ನೋ ಅಲ್ಲಿಗೆ ಸೇರಿಸುವ ಮುನ್ನ ನಾವು ವಿಚಾರಿಸಬೇಕಾದದ್ದೇನು? ಈ ಹೊತ್ತಿನ ನನ್ನ ಮಾತು ಇದನ್ನು ಕುರಿತದ್ದು.

ಸ್ವಾತಂತ್ರ್ಯಕ್ಕೆ ಮೊದಲು ನಮ್ಮ ದೇಶದಲ್ಲಿ ಒಂದೊಂದು ಪ್ರಾಂತದ ದಾದಿಯರ ಶಿಕ್ಷಣ ಒಂದೊಂದು ಬಗೆಯದಾಗಿತ್ತು. ಮದರಾಸು ಪ್ರಾಂತದಲ್ಲಿ 1926ರಲ್ಲಿಯೇ ಇದಕ್ಕಾಗಿ ಕಾಯಿದೆ ಆಗಿತ್ತು. ಆದರೆ ಇಡೀ ದೇಶಕ್ಕೆ ಒಂದೇ ಮಟ್ಟವೆಂಬುದಿರಲಿಲ್ಲ. ಈ ಕೊರತೆಯನ್ನು ನೀಗಲೆಂದೇ 1947ರಲ್ಲಿ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕಾಯಿದೆ ಬಂತು. ನಮ್ಮ ರಾಜ್ಯದಲ್ಲಿ 1961ರ ಕಾಯಿದೆಯಂತೆ ರಾಜ್ಯ ನರ್ಸಿಂಗ್ ಪರಿಷತ್ತು ದಾದಿಯರ ನೋಂದಣಿಯನ್ನು ನಡೆಸುತ್ತ ಬಂದಿದೆ. ಹಳೆಯ ಕೌನ್ಸಿಲಿನ ಸ್ಥಾನದಲ್ಲಿ ರಾಷ್ಟ್ರೀಯ ಆಯೋಗವೊಂದನ್ನು ತರಲು ಪಾರ್ಲಿಮೆಂಟು 2023ರಲ್ಲಿ ಹೊಸ ಕಾಯಿದೆಯನ್ನು ಮಾಡಿದೆ. ವ್ಯವಸ್ಥೆಯ ಹೆಸರು ಏನೇ ಆಗಲಿ, ತತ್ತ್ವ ಒಂದೇ: ನೋಂದಣಿಯಲ್ಲಿ ಹೆಸರಿದ್ದವರೇ ದಾದಿಯರು.

ಮಾನ್ಯತೆಯ ಬೆಲೆ ಇಲ್ಲಿದೆ. ಡಿಪ್ಲೊಮಾಕ್ಕೆ ಮೂರು ವರ್ಷ, ಪದವಿಗೆ ನಾಲ್ಕು ವರ್ಷ ಓದಬೇಕು. ಆದರೆ ಮಾನ್ಯತೆಯಿಲ್ಲದ ಶಾಲೆಯಲ್ಲಿ ಕಲಿತವರಿಗೆ ನೋಂದಣಿ ದೊರೆಯದು. ನೋಂದಣಿಯಿಲ್ಲದಿದ್ದರೆ ಸರ್ಕಾರಿ ಹುದ್ದೆಯಿಲ್ಲ. ಹೊರದೇಶದ ಆಸೆಯಂತೂ ಅಲ್ಲಿಗೇ ಮುಗಿಯಿತು. ಬೇರೆ ಶಾಲೆಗೆ ಹೋದರೆ ಮೊದಲಿನಿಂದ ಕಲಿಯಬೇಕು. ತಂದೆ ಸಾಲ ಮಾಡಿ ಕಟ್ಟಿದ ಹಣವನ್ನು ಎಂದಾದರೂ ತೀರಿಸಬಹುದು. ಮಗಳ ಮೂರು ವರ್ಷಗಳನ್ನು ಮರಳಿ ಕೊಡುವವರು ಯಾರು?

ಮಾನ್ಯತೆಯೆಂದರೆ ಬರಿಯ ಕಾಗದವೆಂದು ಕೆಲವರು ಭಾವಿಸುತ್ತಾರೆ. ಹಾಗಲ್ಲ. ಸೂಜಿಮದ್ದು ಕೊಡುವುದನ್ನು ಕರಿಹಲಗೆಯ ಮೇಲೆ ಕಲಿಸಲಾಗದು. ಹೆರಿಗೆಗಳೇ ನಡೆಯದ ಕಡೆ ಸೂಲಗಿತ್ತಿಯ ವಿದ್ಯೆ ಬಾರದು. ಆದುದರಿಂದಲೇ ಶಾಲೆಗೆ ಆಸ್ಪತ್ರೆಯ ಆಸರೆ ಇರಬೇಕೆಂದೂ, ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳ ಲೆಕ್ಕದಲ್ಲಿ ಕಲಿಕೆ ನಡೆಯಬೇಕೆಂದೂ, ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರಿರಬೇಕೆಂದೂ ಕೌನ್ಸಿಲು ನಿಯಮ ಮಾಡಿತು. ಈ ಲೆಕ್ಕ ತಪ್ಪಿದರೆ ನಷ್ಟ ವಿದ್ಯಾರ್ಥಿಗೆ ಮಾತ್ರವಲ್ಲ. ಮುಂದೆ ಅವಳ ಕೈಗೆ ಬರುವ ರೋಗಿಗೂ ಹೌದು.

ಹಾಗಾದರೆ ವಿಚಾರಿಸುವುದು ಹೇಗೆ? ಮೊದಲನೆಯದಾಗಿ, ಶಾಲೆಯವರು ಅಚ್ಚುಹಾಕಿಸಿದ ಪುಸ್ತಿಕೆಯನ್ನಾಗಲಿ ದಲ್ಲಾಳಿಯ ಮಾತನ್ನಾಗಲಿ ನೆಚ್ಚಬೇಡಿ. ಶಾಲೆಗೆ ಮಾನ್ಯತೆ ಉಂಟೇ ಎಂಬುದನ್ನು ರಾಜ್ಯ ಪರಿಷತ್ತಿನಲ್ಲಿಯೇ ಕೇಳಿ ತಿಳಿಯಿರಿ. ಕಳೆದ ವರ್ಷದ್ದು ಸಾಲದು. ಈ ವರ್ಷಕ್ಕೆ, ನಿಮ್ಮ ಮಗಳು ಸೇರುವ ಪಾಠಕ್ರಮಕ್ಕೆ, ಇಷ್ಟು ಸ್ಥಾನಗಳಿಗೆ ಎಂದು ಸ್ಪಷ್ಟವಾಗಿರಬೇಕು. ಐವತ್ತು ಸ್ಥಾನಗಳಿರುವ ಕಡೆ ಎಪ್ಪತ್ತು ಮಂದಿಯನ್ನು ತುಂಬಿಕೊಂಡರೆ ಹೆಚ್ಚಿನ ಇಪ್ಪತ್ತು ಮಂದಿಯ ಗತಿಯೇನು?

ಎರಡನೆಯದಾಗಿ, ಪರೀಕ್ಷೆ ನಡೆಸುವವರು ಯಾರೆಂದು ಕೇಳಿ. ಪದವಿಯಾದರೆ ಅದು ವಿಶ್ವವಿದ್ಯಾನಿಲಯದ್ದಾಗಿರಬೇಕು. ನಮ್ಮಲ್ಲಿ ಹೆಚ್ಚಿನ ನರ್ಸಿಂಗ್ ಕಾಲೇಜುಗಳು 1996ರಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯಕ್ಕೆ ಸೇರಿವೆ. ಡಿಪ್ಲೊಮಾಕ್ಕೆ ರಾಜ್ಯದ ಪರೀಕ್ಷಾ ಮಂಡಲಿ ಇದೆ. ಆರು ತಿಂಗಳಲ್ಲಿ ನರ್ಸ್ ಮಾಡಿಕೊಡುತ್ತೇವೆ ಎನ್ನುವವರ ಪ್ರಮಾಣಪತ್ರದಿಂದ ನೋಂದಣಿ ಸಿಕ್ಕದು.

ಮೂರನೆಯದಾಗಿ, ಆಸ್ಪತ್ರೆಯನ್ನು ಕಣ್ಣಾರೆ ಕಂಡುಬನ್ನಿ. ಹಾಸಿಗೆಗಳೆಷ್ಟು ಎಂದು ಎಣಿಸಿದರೆ ಸಾಲದು, ಅವುಗಳಲ್ಲಿ ರೋಗಿಗಳಿದ್ದಾರೆಯೇ ನೋಡಿ. ಹಿರಿಯ ವಿದ್ಯಾರ್ಥಿಗಳನ್ನು ಮಾತನಾಡಿಸಿ. ಅವರು ನಿಜ ಹೇಳುತ್ತಾರೆ.

“ಅರ್ಜಿ ಹಾಕಿದ್ದೇವೆ, ಮಾನ್ಯತೆ ಇನ್ನೇನು ಬಂದೇ ಬರುತ್ತದೆ” ಎಂದರೆ, ಬಂದ ಮೇಲೆ ಸೇರುತ್ತೇವೆ ಎಂದು ವಿನಯದಿಂದ ಹೇಳಿ ಎದ್ದುಬನ್ನಿ.

ಮಾನ್ಯತೆಯಿದ್ದ ಮಾತ್ರಕ್ಕೆ ಶಾಲೆ ಉತ್ತಮವೆಂದಲ್ಲ. ಅದು ಕನಿಷ್ಠ ಮಟ್ಟ. ಅದಕ್ಕಿಂತ ಮೇಲಿನದನ್ನು ನೀವೇ ಅರಸಬೇಕು. ಆದರೆ ಅದೂ ಇಲ್ಲದ ಕಡೆ ಉಳಿದ ಗುಣಗಳನ್ನು ಎಣಿಸಿ ಫಲವಿಲ್ಲ. ಒಂದು ದಿನ ಅಲೆದು ವಿಚಾರಿಸುವ ಶ್ರಮ ದೊಡ್ಡದಲ್ಲ. ಹಣ ಕಟ್ಟುವ ಮೊದಲೇ ಆ ಶ್ರಮವನ್ನು ವಹಿಸಿರೆಂದು ತಾಯಿತಂದೆಗಳಲ್ಲಿ ನನ್ನ ಬಿನ್ನಹ.