ಕೂಸಿನ ಉಸಿರು ಮತ್ತು ಪ್ರಾಣವಾಯುವಿನ ಹೊಸ ಉಪಚಾರ



ಅನ್ನವಿಲ್ಲದೆ ಮನುಷ್ಯನು ಕೆಲವು ವಾರಗಳನ್ನೂ, ನೀರಿಲ್ಲದೆ ಕೆಲವು ದಿವಸಗಳನ್ನೂ ಕಳೆಯಬಲ್ಲನು. ಉಸಿರಿಲ್ಲದೆ ಕೆಲವು ನಿಮಿಷಗಳನ್ನು ಕಳೆಯುವದೂ ಅವನಿಗೆ ಅಸಾಧ್ಯವು. ಬಲಿತವರ ಗತಿಯೇ ಹೀಗಿರಲಾಗಿ, ಹಸುಗೂಸಿನ ಮಾತನ್ನು ಹೇಳತಕ್ಕದ್ದೇನು?

ಕಲಬುರಗಿಯ ನೆಹರು ಗಂಜಿನಲ್ಲಿ ತೊಗರಿಯ ಆವಕವು ಹೆಚ್ಚುವ ಚಳಿಗಾಲವೇ ಕೂಸುಗಳಿಗೆ ನೆಗಡಿ ಕೆಮ್ಮುಗಳು ಹೆಚ್ಚುವ ಕಾಲವೂ ಆಗಿರುತ್ತದೆ. ಚೀಲಗಳ ಧೂಳು, ಒಲೆಯ ಹೊಗೆ, ಬೀಡಿಯ ಹೊಗೆ ಇವು ಎಳೆಯ ಶ್ವಾಸನಾಳಗಳನ್ನು ಕೆರಳಿಸುವವು. ರೋಗವನ್ನು ತರುವವು ಮಾತ್ರ ಬಹುಮಟ್ಟಿಗೆ ಕಣ್ಣಿಗೆ ಕಾಣದ ವೈರಸು ಮತ್ತು ಬ್ಯಾಕ್ಟೀರಿಯಾಗಳು. ಕೂಸಿನ ಶ್ವಾಸನಾಳವು ಮೊದಲೇ ಕಿರಿದು. ನಳಿಗೆಯ ಅಗಲವು ಅರ್ಧಕ್ಕಿಳಿದರೆ ಗಾಳಿಗೆ ಒದಗುವ ತಡೆಯು 16 ಪಟ್ಟಾಗುವದೆಂಬುದು ಭೌತಶಾಸ್ತ್ರದ ನಿಯಮವು. ಆದಕಾರಣ ದೊಡ್ಡವರಿಗೆ ಬರಿಯ ನೆಗಡಿಯಾಗಿ ಹೋಗುವ ರೋಗವೇ ಕೂಸಿಗೆ ಪ್ರಾಣಸಂಕಟವಾಗಿ ಪರಿಣಮಿಸುವದುಂಟು.

ಈ ಸಂಕಟವನ್ನು ಗುರುತಿಸಲು ಮೊದಲು ಬೇಕಾದದ್ದು ತಾಯಿಯ ಕಣ್ಣು. ಕೂಸು ಶಾಂತವಾಗಿರುವಾಗ ಅದರ ಎದೆಯನ್ನು ಬರಿದುಮಾಡಿ ಒಂದು ಪೂರ್ಣ ನಿಮಿಷ ಉಸಿರನ್ನು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ ಹನ್ನೆರಡು ತಿಂಗಳೊಳಗಿನದಕ್ಕೆ 50, ಒಂದರಿಂದ ಐದು ವರ್ಷದೊಳಗಿನ ಮಗುವಿಗೆ 40, ಇವಕ್ಕೆ ಮುಟ್ಟಿದ ಅಥವಾ ಮೀರಿದ ಉಸಿರು ತೀವ್ರವೆಂದು ವಿಶ್ವ ಆರೋಗ್ಯ ಸಂಸ್ಥೆಯು ಗೊತ್ತುಪಡಿಸಿದೆ. ಉಸಿರೆಳೆಯುವಾಗ ಪಕ್ಕೆಗಳ ಕೆಳಗೆ ಗುಳಿ ಬೀಳುವದು, ನರಳುವ ಧ್ವನಿ, ಮೊಲೆಹಾಲನ್ನು ಬಿಡುವದು, ತುಟಿ ನೀಲಿಗಟ್ಟುವದು, ಮಂಪರು, ಇವುಗಳಲ್ಲಿ ಒಂದು ಕಂಡರೂ ದವಾಖಾನೆಯ ದಾರಿಯನ್ನೇ ಹಿಡಿಯಬೇಕು. ಇಂಥ ಕೂಸಿನ ಹೊಟ್ಟೆ ಎದೆಗಳ ಮೇಲೆ ಬರೆ ಹಾಕುವ ಕ್ರೂರ ರೂಢಿಯು ಕೆಲವು ಹಳ್ಳಿಗಳಲ್ಲಿ ಇನ್ನೂ ಅಳಿದಿಲ್ಲ. ಬರೆಯಿಂದ ಉಸಿರು ತಿಳಿಯಾಗುವದಿಲ್ಲ. ಗಾಯವಾಗುವದು, ಅಮೂಲ್ಯವಾದ ಹೊತ್ತು ಹಾಳಾಗುವದು.

ದವಾಖಾನೆಯಲ್ಲಿ ಬೆರಳಿಗೆ ಸಿಕ್ಕಿಸುವ ಸಣ್ಣ ಯಂತ್ರದಿಂದ ರಕ್ತದೊಳಗಿನ ಪ್ರಾಣವಾಯುವನ್ನು ಅಳೆಯುವರು. ಅದು ನೂರಕ್ಕೆ 90ಕ್ಕಿಂತ ಇಳಿದಿದ್ದರೆ ಆಕ್ಸಿಜನ್ನು ಬೇಕೇ ಬೇಕು. ಹಳೆಯ ಪದ್ಧತಿಯಲ್ಲಿ ತೆಳ್ಳನೆಯ ನಳಿಗೆಯಿಂದ ಹಸುಗೂಸಿನ ಮೂಗಿಗೆ ನಿಮಿಷಕ್ಕೆ ಒಂದೆರಡು ಲೀಟರಿನಷ್ಟನ್ನು ಕೊಡುವರು. ಅದಕ್ಕೂ ಹೆಚ್ಚಾಗಿ ಒಣ ತಣ್ಣನೆಯ ವಾಯುವನ್ನು ಬಿಟ್ಟರೆ ಮೂಗಿನ ಒಳಪೊರೆಯು ಒಣಗುವದು, ಕಫವು ಗಟ್ಟಿಯಾಗುವದು. ಈ ತೊಡಕನ್ನು ಬಿಡಿಸಿದ್ದೇ ಡಾಕ್ಟರರು ಹೈ-ಫ್ಲೋ ಎಂದು ಕರೆಯುವ ಹೊಸ ಉಪಚಾರವು. ಇದರಲ್ಲಿ ಗಾಳಿಯನ್ನೂ ಆಕ್ಸಿಜನ್ನನ್ನೂ ಬೇಕಾದ ಪ್ರಮಾಣದಲ್ಲಿ ಬೆರೆಸಿ, ಮೈಯಷ್ಟೇ ಬೆಚ್ಚಗೆ ಮಾಡಿ, ನೀರಾವಿಯಿಂದ ತುಂಬಿ, ಕೂಸಿನ ತೂಕದ ಪ್ರತಿ ಕಿಲೋಗ್ರಾಮಿಗೆ ನಿಮಿಷಕ್ಕೆ ಸುಮಾರು 2 ಲೀಟರಿನ ಪ್ರವಾಹವಾಗಿ ಮೂಗಿಗೆ ಬಿಡುತ್ತಾರೆ. ಆ ಪ್ರವಾಹವು ಮೂಗು ಗಂಟಲುಗಳಲ್ಲಿ ನಿಂತ ಕೆಟ್ಟ ಗಾಳಿಯನ್ನು ತೊಳೆಯುವದು, ಶ್ವಾಸಮಾರ್ಗವು ಕುಸಿಯದಂತೆ ಅಲ್ಪ ಒತ್ತಡದಿಂದ ಆತುಕೊಳ್ಳುವದು, ಕಫವನ್ನು ಮೆತ್ತಗಿಡುವದು.

ಗಂಜಿನ ಹಮಾಲನನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿಯುವದು. ಚೀಲವನ್ನು ಬೆನ್ನಿಗೇರಿಸುವಾಗ ಜೊತೆಗಾರನು ಕೈಗೊಟ್ಟರೆ ಭಾರವು ಹಗುರವೆನಿಸುವದು. ಹೊತ್ತು ನಡೆಯುವವನು ಮಾತ್ರ ಹಮಾಲನೇ. ಹಾಗೆಯೇ ಈ ಯಂತ್ರವು ಕೂಸಿನ ದುಡಿಮೆಗೆ ಕೈಗೊಡುವದಲ್ಲದೆ ರೋಗವನ್ನು ಗುಣಪಡಿಸುವದಿಲ್ಲ. ಕೂಸು ತೀರ ದಣಿದು ಸೋತರೆ, ಭಾರವನ್ನೆಲ್ಲ ತಾನೇ ಹೊರುವ ವೆಂಟಿಲೇಟರಿಗೆ ತಡವಿಲ್ಲದೆ ಒಪ್ಪಿಸಬೇಕು. ಯಂತ್ರವನ್ನು ಹಚ್ಚಿದ್ದಾಯಿತೆಂದು ನಿಶ್ಚಿಂತರಾಗಿ ಕುಳಿತರೆ ಅದೇ ಅಪಾಯವು.

ಅನುಭವವೂ ಇದನ್ನೇ ಸಾರುತ್ತದೆ. ಆಸ್ಟ್ರೇಲಿಯಾ ನ್ಯೂಜಿಲೆಂಡುಗಳಲ್ಲಿ ಬ್ರಾಂಕಿಯೋಲೈಟಿಸ್ ರೋಗದ 1472 ಕೂಸುಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹಳೆಯ ಪದ್ಧತಿಯು ನೂರಕ್ಕೆ 23ರಲ್ಲಿಯೂ ಹೊಸದು 12ರಲ್ಲಿಯೂ ಸಾಲದೆ ಹೋದವು. ಆದರೆ ದವಾಖಾನೆಯಲ್ಲಿ ಉಳಿದ ದಿವಸಗಳು ಕಡಿಮೆಯಾಗಲಿಲ್ಲ. ಢಾಕಾದಲ್ಲಿ ತೀವ್ರ ನ್ಯುಮೋನಿಯಾದ 225 ಮಕ್ಕಳಲ್ಲಿ, ನೀರಿನಲ್ಲಿ ಗುಳ್ಳೆಯೇಳಿಸಿ ಒತ್ತಡ ಕೊಡುವ ಅಗ್ಗದ ಬಬಲ್ ಸಿಪ್ಯಾಪ್ ಉಪಕರಣದಿಂದ ನೂರಕ್ಕೆ 4, ಹಳೆಯ ಪದ್ಧತಿಯಿಂದ 15 ಮಕ್ಕಳು ತೀರಿಕೊಂಡರೆಂದು 2015ರಲ್ಲಿ ವರದಿಯಾಯಿತು. ಹೈ-ಫ್ಲೋ ಪಡೆದವರಲ್ಲಿ ಆ ಸಂಖ್ಯೆಯು 13. ಇಷ್ಟರಿಂದಲೇ ಬಬಲ್ ಉಪಕರಣವನ್ನು ಎಲ್ಲೆಡೆ ಹಂಚಿದರಾಯಿತೆಂದು ತಿಳಿಯಬಾರದು. ಮಲಾವಿ ದೇಶದ ಒಂದು ಜಿಲ್ಲಾ ದವಾಖಾನೆಯಲ್ಲಿ, ಡಾಕ್ಟರರ ನಿತ್ಯದ ಮೇಲ್ವಿಚಾರಣೆಯಿಲ್ಲದೆ, ಹೆಚ್ಚು ಅಪಾಯದಲ್ಲಿದ್ದ 644 ಮಕ್ಕಳಲ್ಲಿ ಅದನ್ನೇ ಪರೀಕ್ಷಿಸಿದಾಗ, ಅದನ್ನು ಪಡೆದವರಲ್ಲಿ ನೂರಕ್ಕೆ 17, ಪಡೆಯದವರಲ್ಲಿ 11 ಮಕ್ಕಳು ಅಸುನೀಗಿದರೆಂದು 2019ರಲ್ಲಿ ತಿಳಿದುಬಂದಿತು. ಉಪಕರಣವು ಒಂದೇ, ಅದರ ಬಳಿ ನಿಂತ ಕೈಗಳು ಬೇರೆ.

ಇನ್ನು ವೆಚ್ಚದ ವಿಚಾರ. ದೊಡ್ಡ ಸಿಲಿಂಡರೊಂದರಲ್ಲಿ ಸುಮಾರು 7000 ಲೀಟರು ಆಕ್ಸಿಜನ್ನು ಹಿಡಿಯುವದು. 10 ಕಿಲೋಗ್ರಾಮಿನ ಮಗುವಿಗೆ ಹಳೆಯ ಪದ್ಧತಿಯಿಂದ ನಿಮಿಷಕ್ಕೆ 2 ಲೀಟರು ಕೊಟ್ಟರೆ ಅದು ಎರಡು ದಿವಸಕ್ಕೂ ಹೆಚ್ಚು ಬಾಳುವದು. ಹೈ-ಫ್ಲೋದಲ್ಲಿ ನಿಮಿಷಕ್ಕೆ 20 ಲೀಟರಿನ ಪ್ರವಾಹವಿದ್ದು ಆಕ್ಸಿಜನ್ನು ನೂರಕ್ಕೆ 40ರಷ್ಟಿದ್ದರೆ ಒಂದು ದಿವಸ ಸಾಗುವದು. ಶುದ್ಧ ಆಕ್ಸಿಜನ್ನೇ ಬೇಕಾದರೆ ಆರು ತಾಸಿನೊಳಗೆ ಬರಿದಾಗುವದು. ಪ್ರಾಣವಾಯುವಿನ ಅಭಾವವೆಂದರೆ ಏನೆಂಬುದನ್ನು 2021ರ ಬೇಸಿಗೆಯಲ್ಲಿ ದೇಶವೆಲ್ಲ ಕಣ್ಣಾರೆ ಕಂಡಿದೆ.

ಕಲಬುರಗಿಯು ದಾಸೋಹದ ಊರು. ಅಡತಿ ಅಂಗಡಿಗಳ ಧರ್ಮದ ಪೆಟ್ಟಿಗೆಗಳು ಇಲ್ಲಿ ಬರಿದಾಗಿರುವದಿಲ್ಲ. 1963ರಲ್ಲಿ ಮಹಾದೇವಪ್ಪ ರಾಂಪೂರೆ ವೈದ್ಯಕೀಯ ಕಾಲೇಜು ಈ ಊರಿನಲ್ಲಿ ಸ್ಥಾಪಿತವಾಯಿತು. ತರುವಾಯ ಸರಕಾರಿ ವೈದ್ಯಕೀಯ ಸಂಸ್ಥೆಯೂ ಬಂದಿತು. ಆದರೂ ಕಮಲಾಪುರದ ಕಡೆಯ ಹಳ್ಳಿಯೊಂದರ ಕೂಸು ಹೊತ್ತಿಗೆ ಸರಿಯಾಗಿ ಊರನ್ನು ಮುಟ್ಟದಿದ್ದರೆ ಈ ವೈಭವವು ಅದಕ್ಕೆ ನಿರರ್ಥಕವು. ದವಾಖಾನೆಗೆ ಒಂದು ಯಂತ್ರವನ್ನು ದಾನಮಾಡಿ ಹೆಸರು ಕೆತ್ತಿಸುವದು ಸುಲಭ. ಅದರೊಡನೆ ವರ್ಷವರ್ಷವೂ ಬೇಕಾಗುವ ನಳಿಗೆಗಳು, ತಪ್ಪದ ಆಕ್ಸಿಜನ್ನು, ರಾತ್ರಿಯಲ್ಲಿಯೂ ಎಚ್ಚರವಿರುವ ತರಬೇತಾದ ದಾದಿಯರು, ಹಳ್ಳಿಯ ಆರೋಗ್ಯ ಕೇಂದ್ರಕ್ಕೊಂದು ಬೆರಳಿನ ಅಳತೆಯಂತ್ರ, ದಾರಿಯುದ್ದಕ್ಕೂ ಆಕ್ಸಿಜನ್ನು ಕೊಡುವ ವಾಹನ, ಇವನ್ನೂ ಒದಗಿಸುವ ದಾನವೇ ಪೂರ್ಣವಾದ ದಾನವು. ದಾನಿಗಳು ಇದನ್ನು ಮನಗಾಣಲಿ. ತಾಯಂದಿರು ಉಸಿರೆಣಿಸುವದನ್ನು ಇಂದೇ ಕಲಿಯಲಿ. ಎಣಿಸಲು ಒಂದು ಗಡಿಯಾರ ಸಾಕು.