ಹೊಸ ಮಾತ್ರೆಯ ಮೊದಲ ಪರೀಕ್ಷೆ: ನಮ್ಮ ನೆರವು ಎಲ್ಲಿ ಬೇಕು?

(ಸಂಘದ ವೈದ್ಯಕೀಯ ನೆರವು ನಿಧಿಯ ಸಭೆಯಲ್ಲಿ ಸದಸ್ಯ ವೈದ್ಯರೊಬ್ಬರು ಮಾಡಿದ ಭಾಷಣ)



ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಗೆಂದು ಊರಿನಿಂದ ಬರುವ ಕುಟುಂಬಗಳು ನಮ್ಮ ಸಂಘದ ಬಾಗಿಲಿಗೂ ಬರುತ್ತವೆ. ಕ್ಯಾನ್ಸರ್ ರೋಗಿಗಳ ಮನೆಯವರು ಕೆಲವೊಮ್ಮೆ ಕೇಳುತ್ತಾರೆ: “ಹೊಸ ಮಾತ್ರೆಯ ಪರೀಕ್ಷೆಗೆ ಸೇರ್ತೀರಾ ಅಂತ ಡಾಕ್ಟರು ಕೇಳಿದ್ದಾರೆ. ಸೇರೋದಾ, ಬೇಡವಾ? ದುಡ್ಡು ಎಷ್ಟು ಬೇಕಾಗುತ್ತೆ?” ಉತ್ತರ ಹೇಳುವ ಮೊದಲು ಆ ಪರೀಕ್ಷೆ ಏನೆಂದು ನಮಗೂ ತಿಳಿದಿರಬೇಕು.

ಪ್ರಯೋಗಾಲಯ ದಾಟಿ ಬಂದ ಔಷಧಿಯನ್ನು ಮನುಷ್ಯರಿಗೆ ಮೊದಲ ಬಾರಿ ಕೊಡುವುದೇ ಒಂದನೇ ಹಂತ. ಶ್ವಾಸಕೋಶ, ಸ್ತನ, ಕರುಳು ಮುಂತಾದ ಕಡೆ ಗಡ್ಡೆಯಾಗಿ ಬೆಳೆಯುವ ಕ್ಯಾನ್ಸರ್ ಇದ್ದು, ರೂಢಿಯ ಚಿಕಿತ್ಸೆಗಳು ಫಲಿಸದವರನ್ನು ಸಾಮಾನ್ಯವಾಗಿ ಇದಕ್ಕೆ ಸೇರಿಸುತ್ತಾರೆ. ಇಲ್ಲಿ ಮುಖ್ಯವಾಗಿ ನೋಡುವುದು, ಎಷ್ಟು ಪ್ರಮಾಣವನ್ನು ದೇಹ ತಾಳಿಕೊಳ್ಳುತ್ತದೆ ಎಂಬುದನ್ನು. ರೋಗ ಎಷ್ಟು ಜನರಿಗೆ ತಗ್ಗುತ್ತದೆ ಎಂಬುದು ಮುಂದಿನ ಹಂತಗಳ ಪ್ರಶ್ನೆ.

ಬಹುಕಾಲದಿಂದ ಬಳಕೆಯಲ್ಲಿರುವ ಒಂದು ಕ್ರಮ ಹೀಗಿದೆ. ಮೊದಲು 3 ಜನರಿಗೆ ಕಡಿಮೆ ಪ್ರಮಾಣ ಕೊಡುತ್ತಾರೆ. ಯಾರಿಗೂ ತೀವ್ರ ತೊಂದರೆ ಆಗದಿದ್ದರೆ ಮುಂದಿನ 3 ಜನರಿಗೆ ಸ್ವಲ್ಪ ಹೆಚ್ಚು. ಒಬ್ಬರಿಗೆ ತೊಂದರೆಯಾದರೆ ಅದೇ ಪ್ರಮಾಣವನ್ನು ಇನ್ನೂ 3 ಜನರಲ್ಲಿ ನೋಡುತ್ತಾರೆ. ಇಬ್ಬರಿಗೆ ಆದರೆ ಏರಿಕೆ ಅಲ್ಲಿಗೆ ನಿಲ್ಲುತ್ತದೆ.

ಮಾತ್ರೆ ತಾನೇ, ಮನೆಯಲ್ಲೇ ನುಂಗಬಹುದು ಎಂದುಕೊಳ್ಳಬೇಡಿ. ರಕ್ತದಲ್ಲಿ ಔಷಧಿ ಎಷ್ಟು ಸೇರಿತು, ಎಷ್ಟು ಹೊತ್ತು ಉಳಿಯಿತು ಎಂದು ತಿಳಿಯಲು ಒಂದೇ ದಿನ ಹಲವು ಸಲ ರಕ್ತ ತೆಗೆಯುತ್ತಾರೆ. ಊಟಕ್ಕೆ ಮುಂಚೆಯೋ ನಂತರವೋ, ಬೇರೆ ಯಾವ ಔಷಧಿ, ಕಷಾಯ ತೆಗೆದುಕೊಂಡಿರೋ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ.

ಈ ದಾರಿಯಲ್ಲಿ ಗೆದ್ದು ಬಂದದ್ದೂ ಉಂಟು. ಲಾರೊಟ್ರೆಕ್ಟಿನಿಬ್ ಎಂಬ ಔಷಧಿಯ ಮೂರು ಆರಂಭಿಕ ಪರೀಕ್ಷೆಗಳ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ನಾಲ್ಕು ತಿಂಗಳ ಕೂಸಿನಿಂದ 76 ವರ್ಷದವರವರೆಗೆ 55 ರೋಗಿಗಳು; 17 ಬಗೆಯ ಗಡ್ಡೆಗಳು. ಶೇಕಡಾ 75ರಷ್ಟು ಜನರಲ್ಲಿ ಗಡ್ಡೆ ಕುಗ್ಗಿತು. ಅದೇ ವರ್ಷ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಅನುಮತಿಯೂ ಸಿಕ್ಕಿತು. ಆದರೆ ಅವರೆಲ್ಲರ ಗಡ್ಡೆಯಲ್ಲೂ ಎನ್.ಟಿ.ಆರ್.ಕೆ. ಗುಂಪಿನ ಜೀನ್‌ನ ಒಂದೇ ಬಗೆಯ ವಿರಳ ದೋಷವಿತ್ತು. ಅಂಥ ದೋಷವಿಲ್ಲದವರಿಗೆ ಆ ಔಷಧಿಯಿಂದ ಲಾಭವಿಲ್ಲ. ಪರೀಕ್ಷೆಗೆ ಇಳಿದ ಹೆಚ್ಚಿನ ಔಷಧಿಗಳು ಅಂಗಡಿಯವರೆಗೆ ಬರುವುದೇ ಇಲ್ಲ. ಆದ್ದರಿಂದ ಯಾರಿಗೂ “ಗುಣವಾಗುತ್ತೆ, ಸೇರಿ” ಎಂದು ನಾವು ಹೇಳಬಾರದು; “ಬೇಡ” ಎಂದು ಹೆದರಿಸಲೂಬಾರದು.

ಹೇಳಬೇಕಾದದ್ದು ಅವರ ಹಕ್ಕುಗಳನ್ನು. ನಮ್ಮ ದೇಶದಲ್ಲಿ ಪರೀಕ್ಷೆ ಸಿ.ಟಿ.ಆರ್.ಐ.ಯಲ್ಲಿ ನೋಂದಣಿಯಾಗಿರಬೇಕು, ನೈತಿಕ ಸಮಿತಿ ಒಪ್ಪಿರಬೇಕು. ಒಪ್ಪಿಗೆ ಪತ್ರ ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕು. ಯಾವಾಗ ಬೇಕಾದರೂ ಹೊರಬರಬಹುದು. ಪರೀಕ್ಷೆಯಿಂದ ಹಾನಿಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡಕ್ಕೂ 2019ರ ನಿಯಮಗಳಲ್ಲಿ ಅವಕಾಶವಿದೆ. ಪರೀಕ್ಷೆಯ ಮಾತ್ರೆಗೆ ರೋಗಿ ಹಣ ಕೊಡಬೇಕಾಗಿಲ್ಲ. ಯಾರಾದರೂ ಕೇಳಿದರೆ ಅಲ್ಲೇ ಅನುಮಾನ ಪಡಿ, ನಮಗೆ ತಿಳಿಸಿ.

ಹಾಗಾದರೆ ನಮ್ಮ ನಿಧಿ ಯಾತಕ್ಕೆ? ಪ್ರಯಾಣದ ಖರ್ಚನ್ನು ಕೆಲವು ಪರೀಕ್ಷೆಗಳಲ್ಲಿ ಅವರೇ ಕೊಡುತ್ತಾರೆ; ಅದನ್ನು ಮೊದಲೇ ಕೇಳಿಕೊಳ್ಳಬೇಕು. ಜೊತೆಗೆ ಬಂದವರ ಕೋಣೆ ಬಾಡಿಗೆ, ಊಟ, ನಿಂತುಹೋದ ಕೂಲಿ, ಊರಲ್ಲಿ ಬಿಟ್ಟುಬಂದ ಮಕ್ಕಳ ಶಾಲೆಯ ಫೀಸು ಮನೆಯವರ ತಲೆಯ ಮೇಲೇ ಬೀಳುತ್ತವೆ. ಮಾತ್ರೆ ಪುಕ್ಕಟೆ ಸಿಕ್ಕರೂ ಬಾಡಿಗೆಗೆ ಹಣವಿಲ್ಲದೆ ಅರ್ಧಕ್ಕೇ ಊರಿಗೆ ಮರಳುವ ಸ್ಥಿತಿ ಯಾರಿಗೂ ಬರಬಾರದು.

ಹಣದಷ್ಟೇ ಬೇಕಾದದ್ದು ಇನ್ನೊಂದಿದೆ: ಒಪ್ಪಿಗೆ ಪತ್ರವನ್ನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಓದಿ ಹೇಳುವವರು. ತಿಂಗಳಿಗೆ ಅರ್ಧ ದಿನ ಕೊಡಬಲ್ಲವರು ದಯವಿಟ್ಟು ಕಾರ್ಯದರ್ಶಿಗಳಲ್ಲಿ ಹೆಸರು ಬರೆಸಿ. ದಾನ ಕೊಡುವವರು ರಸೀದಿಯ ಮೇಲೆ “ವಸತಿ ಮತ್ತು ಊಟ” ಎಂದು ಬರೆಸಿದರೆ ಆ ಹಣ ಅದಕ್ಕೇ ಸಲ್ಲಲಿ ಎಂದು ಸಮಿತಿಯನ್ನು ಕೋರುತ್ತೇನೆ.